ತಟ್ಟಿ ಇಳಿಬಿಟ್ಟ ಮನೆಯ ಜ್ವರ

ನನ್ನ ಗಂಡನ ಅಕ್ಕ ಫೊಲೊಲೆ ದಿನಾ ಸಂಜೆ ಮಾತ್ರೆ ನುಂಗಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಿದ್ದಳು. ನಾನು ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಬೇಕು. ಮಾತ್ರೆ ಹೊಟ್ಟೆಗೆ ಇಳಿಯಿತೋ, ಕೆನ್ನೆಯ ಸಂದಿಯಲ್ಲಿ ಕೂತಿತೋ ಎಂದು ನೋಡುವ ಕೆಲಸವನ್ನು ರಾಜಧಾನಿ ಅಪಿಯಾದ ಡಾಕ್ಟರು ‘ಮನೆಯವರಿಗೆ’ ಒಪ್ಪಿಸಿದ್ದರು. ಮನೆಯವರಿಗೆ ಎಂದು ಹೇಳಿದ ಕೆಲಸವೆಲ್ಲ ಕೊನೆಗೆ ಸೊಸೆಯ ಕೈಗೇ ಬರುತ್ತದೆ.

“ಸರಿಯಾಗಿ ನೋಡೇ ಮಸೀನಾ,” ಎನ್ನುತ್ತಿದ್ದಳು ಫೊಲೊಲೆ, ನಾಲಿಗೆ ಹೊರಗಿಟ್ಟುಕೊಂಡೇ. “ನಿನ್ನ ಗಂಡನಿಗೆ ಬರಬೇಕಾದ ಪಟ್ಟ ಏನಾದ್ರೂ ಒಳಗೆ ಸಿಕ್ಕಿಕೊಂಡಿದ್ಯಾ ಅಂತ.”

“ಸಿಕ್ಕಿದ್ರೆ ನಾನೇ ತೆಗೆದು ತೊಳೆದು ಒಣಗಹಾಕ್ತೀನಿ ಅಕ್ಕಾ.”

ಇಬ್ಬರೂ ನಗುತ್ತಿದ್ದೆವು. ಈ ನಗು ನಮ್ಮ ಮನೆಗೆ ಸುಲಭವಾಗಿ ಬಂದದ್ದಲ್ಲ.

ನಾನು ಇಯೊಸೆಫೊನ ಹೆಂಡತಿಯಾಗಿ ಈ ಹಳ್ಳಿಗೆ ಬಂದಾಗ ಫೊಲೊಲೆ ರಸ್ತೆಯಲ್ಲಿದ್ದಳು. ನಿಜವಾಗಿ ರಸ್ತೆಯಲ್ಲಿ. ಸತ್ತುಹೋದ ತಾಯಿ ಹವಳದ ದಿಬ್ಬದ ಆಚೆಯಿಂದ ಕರೆಯುತ್ತಾಳೆಂದು ಕಡಲಂಚಿನ ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು. ತಾನೇ ವರ್ಷಗಟ್ಟಲೆ ಕೂತು ನೇಯ್ದ ಚಾಪೆಯನ್ನು ಒಮ್ಮೆ ಅಮ್ಮನಿಗೆ ಹೊದೆಯಲು ಬೇಕಂತೆ ಎಂದು ಅಲೆಗೆ ಹಾಕಿಬಿಟ್ಟಳು. ಊರಿನವರು ಎಣ್ಣೆ ತಿಕ್ಕಿಸಿದರು, ಪ್ರಾರ್ಥಿಸಿದರು, ಕೊನೆಗೆ ದೋಣಿ ಹತ್ತಿಸಿ ಅಪಿಯಾಕ್ಕೆ ಕರೆದೊಯ್ದರು. ಅಲ್ಲಿ ಒಂದು ಔಷಧಿ ಆಯಿತು, ಇನ್ನೊಂದು ಆಯಿತು, ಯಾವುದೂ ಹಿಡಿಯಲಿಲ್ಲ. ಆಮೇಲೆ ಈ ಮಾತ್ರೆ. ಇದನ್ನು ತಿನ್ನುವವರು ತಿಂಗಳು ತಿಂಗಳು ರಕ್ತ ಕೊಡಬೇಕು. ಯಾಕೆಂದರೆ ಇದು ಕೆಲವರಲ್ಲಿ ರಕ್ತದ ಬಿಳಿಕಣಗಳನ್ನು ಒರೆಸಿಹಾಕುತ್ತದೆ, ಕೆಲವರ ಹೃದಯಕ್ಕೆ ಉರಿಯೂತ ತರುತ್ತದೆ.

ಫೊಲೊಲೆಗೆ ಅದು ಬೆರಳುಗಳನ್ನು ವಾಪಸು ತಂದುಕೊಟ್ಟಿತು. ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದಾಗ ಬಂದು ನಿಂತು, “ಎಲೆ ಇದ್ಯಾ?” ಎಂದಳು. ಕೇದಗೆ ಎಲೆಯ ಸುರುಳಿ ಕೊಟ್ಟೆ. ಉಗುರಿನಿಂದ ಸೀಳಿದಳು. ಕೂದಲೆಳೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಸಂಜೆಯ ಹೊತ್ತಿಗೆ ಅಂಗೈಯಷ್ಟು ಚಾಪೆ ಮುಗಿದಿತ್ತು. ಮುಟ್ಟಿದರೆ ರೇಷ್ಮೆ. ಅಮ್ಮನ ದನಿ ಈಗಲೂ ಒಮ್ಮೊಮ್ಮೆ ಕೇಳುತ್ತದೆಯಂತೆ, ಆದರೆ ಪಕ್ಕದ ಮನೆಯ ರೇಡಿಯೊ ಹಾಗೆ. “ಹಾಡ್ಲಿ ಬಿಡು, ನನ್ನ ಮನೇದಲ್ಲ,” ಎನ್ನುತ್ತಾಳೆ.

ಆ ವರ್ಷ ಇಯೊಸೆಫೊನಿಗೆ ಅವನ ದೊಡ್ಡಪ್ಪನ ಪಟ್ಟ, ಅಂದರೆ ಕುಟುಂಬದ ಮುಖಂಡನ ಸ್ಥಾನ, ಬರುವುದಿತ್ತು. ಪಟ್ಟದ ದಿನ ಕುಟುಂಬದವರು ಇಡೀ ಹಳ್ಳಿಯ ಎದುರು ಬಿಚ್ಚಿ ತೋರಿಸಬೇಕಾದ ನಯದ ಚಾಪೆ ಫೊಲೊಲೆಯ ಕೈಯಲ್ಲಿತ್ತು. ಹಳ್ಳಿಯ ಹೆಂಗಸರ ಸಮಿತಿಗೆ ಒಂದು ನೇಯ್ಗೆಯ ಮನೆ ಇದೆ. ಹಿಂದೆ ಹುಲ್ಲಿನ ಸೂರು, ಚಂಡಮಾರುತ ಬಂದುಹೋದ ಮೇಲೆ ತಗಡು. ಸುತ್ತ ಗೋಡೆ ಇಲ್ಲ, ಕಂಬಗಳ ನಡುವೆ ತೆಂಗಿನ ಗರಿಯ ತಟ್ಟಿಗಳು. ನೇಯುವ ಹೊತ್ತಿನಲ್ಲಿ ಎಲ್ಲ ತಟ್ಟಿಗಳನ್ನೂ ನೆಲದವರೆಗೆ ಇಳಿಬಿಡುತ್ತೇವೆ. ಕಡಲ ಗಾಳಿ ಬಿದ್ದರೆ ಅಷ್ಟು ತೆಳ್ಳನೆಯ ಎಳೆ ಒಣಗಿ ಮುರಿಯುತ್ತದೆ. ಜೊತೆಗೆ, ಮುಗಿಯದ ಚಾಪೆಯ ಮೇಲೆ ಗಂಡಸರ ಕಣ್ಣು ಬೀಳಬಾರದು. ಒಳಗೆ ಹತ್ತಾರು ಹೆಂಗಸರು ಕಾಲು ಮಡಚಿ ಕೂತು ನೇಯುತ್ತಾರೆ, ಹಾಡುತ್ತಾರೆ, ಎಲ್ಲರ ಗಂಡಂದಿರ ಮಾನ ತೆಗೆಯುತ್ತಾರೆ.

ಫೊಲೊಲೆಗೆ ಹುಷಾರಾದಾಗ ಸಮಿತಿಯ ಹಿರಿಯಳಾದ ಅಪೆರಿಲಾ ಅಜ್ಜಿ ಒಂದು ತೀರ್ಮಾನ ಹೇಳಿದ್ದಳು. “ಈ ಹುಡುಗಿ ತೋಟಕ್ಕೆ ಹೋಗೋದು ಬೇಡ, ದಿಬ್ಬದ ಮೇಲೆ ಚಿಪ್ಪು ಹೆಕ್ಕೋದು ಬೇಡ. ಬಿಸಿಲು ತಲೆಗೆ ಏರಬಾರ್ದು. ನೆರಳಲ್ಲಿ ಕೂತಿರ್ಲಿ.” ಹುಡುಗಿಗೆ ನಲವತ್ತು ದಾಟಿತ್ತು. ಆದರೂ ಪ್ರೀತಿಯಿಂದ ಹೇಳಿದ ಮಾತು, ಎಲ್ಲರೂ ಒಪ್ಪಿದೆವು. ಹಾಗೆ ಫೊಲೊಲೆ ನೇಯ್ಗೆಯ ಮನೆಯ ನಟ್ಟನಡುವೆ, ಗಾಳಿ ಸುಳಿಯದ ಗೌರವದ ಜಾಗದಲ್ಲಿ ಕೂತಳು. ಪಟ್ಟ ಹತ್ತಿರ ಬಂದಂತೆ ಬೆಳಗಿನಿಂದ ಸಂಜೆವರೆಗೂ ಕೂತಳು.

ಜ್ವರ ಶುರುವಾದದ್ದು ಆಗಲೇ.

ಮೊದಲ ಸಲ ಸಂಜೆ ಊಟದ ಹೊತ್ತಿಗೆ ಅವಳ ಮುಖ ಕೆಂಪಾಗಿತ್ತು. ಮುಟ್ಟಿದರೆ ಒಲೆಯ ಕಲ್ಲು. ತಲೆ ಸುತ್ತುತ್ತಿದೆ ಎಂದು ಮಲಗಿದಳು. ನಾವು ಗಾಳಿ ಸೋಕದಂತೆ ಕಂಬಳಿ ಹೊದಿಸಿ, ತಟ್ಟಿ ಇಳಿಬಿಟ್ಟು, ಬಿಸಿ ಕೋಕೊ ಕುಡಿಸಿದೆವು. ಬೆಳಿಗ್ಗೆ ಎದ್ದಾಗ ಏನೂ ಇಲ್ಲ. ಆಮೇಲೆ ಮತ್ತೆ ಬಂತು. ಮತ್ತೆ ಹೋಯಿತು. ಮತ್ತೆ ಬಂತು.

ಜಿಲ್ಲೆಯ ನರ್ಸು ಸಿಯೆನಿ ಸಿಸ್ಟರ್ ಪಿಕಪ್ ಗಾಡಿಯಲ್ಲಿ ಬಂದರು. ದಪ್ಪಗೆ, ಗಟ್ಟಿ ದನಿಯ ಹೆಂಗಸು, ಸುಮ್ಮನೆ ಬಿಡುವವರಲ್ಲ. ರಕ್ತ ತೆಗೆದರು, ಮೂತ್ರ ನೋಡಿದರು, ಎದೆಯ ಫೋಟೋ ತೆಗೆಸಿದರು. ಟೈಫಾಯ್ಡು ಇಲ್ಲ. ಕ್ಷಯ ಇಲ್ಲ. ಆನೆಕಾಲಿನ ಹುಳ ಇಲ್ಲ. ಬಾಯಿ ತೆರೆಸಿ ಪ್ರತಿ ಹಲ್ಲನ್ನೂ ತಟ್ಟಿದರು. ಮೊಣಕೈ ಮಡಚಿ ಬಿಚ್ಚಿ ಸೆಟೆದಿದೆಯಾ ಎಂದು ನೋಡಿದರು, ಈ ಜಾತಿಯ ಮಾತ್ರೆಗಳಿಂದ ಮೈ ಮರದ ಹಾಗೆ ಬಿಗಿದು ಜ್ವರ ಬರುವುದೂ ಉಂಟಂತೆ. ಅದೂ ಅಲ್ಲ. ಬಿಳಿಕಣ ಸರಿಯಾಗಿದೆ. ಹೃದಯ ಸರಿಯಾಗಿದೆ.

ಪ್ರತಿ ಸಲವೂ ಅವರು ಕೇಳುವ ಪ್ರಶ್ನೆ ಒಂದೇ. “ಇವತ್ತು ಬೆಳಿಗ್ಗೆಯಿಂದ ಏನು ಮಾಡಿದ್ಲು?”

ಇಯೊಸೆಫೊನ ಉತ್ತರವೂ ಒಂದೇ. “ಏನಿಲ್ಲ ಸಿಸ್ಟರ್. ಸುಮ್ನೆ ಕೂತಿದ್ಲು.”

ಅಪಿಯಾದ ಡಾಕ್ಟರು ಫೋನಿನಲ್ಲಿ ಸಿಸ್ಟರಿಗೆ ಹೇಳಿದ್ದನ್ನು ಸಿಸ್ಟರು ನಮ್ಮ ಚಾಪೆಯ ಮೇಲೆ ಕೂತು ನಮಗೆ ಹೇಳಿದರು. “ಈ ಮಾತ್ರೆ ತಿನ್ನೋರಿಗೆ ಕಾರಣ ಗೊತ್ತಿಲ್ಲದ ಜ್ವರ ಬರ್ತಾ ಇದ್ರೆ ಡಾಕ್ಟರು ಕಣ್ಮುಚ್ಚಿ ಕೂರೋ ಹಾಗಿಲ್ಲ. ಇವತ್ತು ಸರಿ ಇರೋ ರಕ್ತ ನಾಳೆ ಕೆಡಬಹುದು. ಇನ್ನೊಂದು ಸಲ ಬಂದು, ಯಾಕೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ, ಮಾತ್ರೆ ನಿಲ್ಲಿಸ್ತಾರೆ.”

ಫೊಲೊಲೆ ತನ್ನ ಕೈಗಳನ್ನು ನೋಡಿಕೊಂಡಳು. “ನಿಲ್ಲಿಸಿ ಏನು ಕೊಡ್ತಾರೆ?”

“ಬೇರೆ ಏನಾದ್ರೂ.”

“ಬೇರೆ ಎಲ್ಲಾ ತಿಂದು ಆಗಿದೆ ಸಿಸ್ಟರ್. ಬೇರೆದು ಅಂದ್ರೆ ನಂಗೆ ರಸ್ತೆ.”

ಇಯೊಸೆಫೊ, “ಮಾತ್ರೆ ಜೀವಕ್ಕಿಂತ ದೊಡ್ಡದಲ್ಲವಲ್ಲ ಅಕ್ಕಾ,” ಎಂದ.

“ನನ್ನ ಜೀವ ಅದೇ ಕಣೋ,” ಎಂದಳು.

ಅಷ್ಟರಲ್ಲಿ ಹಳ್ಳಿಯ ಹಿರಿಯ ಮುಖಂಡರೊಬ್ಬರು ತೀರಿಕೊಂಡರು. ಮಣ್ಣಾಗುವವರೆಗೆ ನೇಯ್ಗೆ ನಿಂತಿತು, ತೋಟದ ಕೆಲಸ ನಿಂತಿತು. ನಾವು ಸೊಸೆಯಂದಿರಿಗೆ ಮಾತ್ರ ಏನೂ ನಿಲ್ಲಲಿಲ್ಲ. ಬಂದವರಿಗೆಲ್ಲ ಕೆಸುವಿನ ಗೆಡ್ಡೆ, ಜೀಗುಜ್ಜೆ, ಹಂದಿಮಾಂಸ ಹಂಚಿ, ಪಾತ್ರೆ ತಿಕ್ಕಿ, ಹಾಸಿದ್ದ ಚಾಪೆ ಸುತ್ತಿಡಬೇಕು. ಫೊಲೊಲೆ ಹಿರಿಯ ಹೆಂಗಸರ ಜೊತೆ ಶವದ ಮನೆಯ ಜಗಲಿಯಲ್ಲಿ, ಕಡಲ ಕಡೆ ಮುಖ ಮಾಡಿ ಕೂತಿದ್ದಳು. ಅಷ್ಟೂ ದಿನ ಜ್ವರ ಅವಳ ಹತ್ತಿರ ಸುಳಿಯಲಿಲ್ಲ.

ಪಾದ್ರಿಯಮ್ಮ, ಅಂದರೆ ನಮ್ಮ ಚರ್ಚಿನ ಪಾದ್ರಿಯ ಹೆಂಡತಿ, ಫೊಲೊಲೆಯ ಹೆಸರು ಹೇಳಿ ಉಪವಾಸ ಪ್ರಾರ್ಥನೆ ಮಾಡಿದ್ದರಂತೆ. “ನೋಡಿದ್ರಾ? ಪ್ರಾರ್ಥನೆ ಮುಟ್ತು,” ಎಂದು ಎಲ್ಲರಿಗೂ ಹೇಳಿದರು. ನಮಗೂ ಹಾಗೇ ಅನಿಸಿತ್ತು. ಫೊಲೊಲೆ ಹಾಡುಗಾರರ ಸಾಲಿನಲ್ಲಿ ನಿಂತು ಕಿಟಕಿ ಅದುರುವ ಹಾಗೆ ಹಾಡಿದಳು.

ಮಣ್ಣು ಮಾಡಿ, ನೇಯ್ಗೆಯ ಮನೆ ತೆರೆದ ದಿನವೇ ಸಂಜೆ ಜ್ವರ ಬಂತು.

ಎಂದಿಗಿಂತ ಜೋರಾಗಿ ಬಂತು. ನಾನು ಸಿಸ್ಟರಿಗೆ ಫೋನು ಮಾಡಲು ಮೊಬೈಲು ಎತ್ತಿಕೊಂಡರೆ ಫೊಲೊಲೆ ಮಣಿಕಟ್ಟು ಹಿಡಿದುಕೊಂಡಳು. ಅವಳ ಅಂಗೈ ಸುಡುತ್ತಿತ್ತು. “ಬೇಡ ಕಣೇ. ಇವತ್ತೊಂದಿನ ಬೇಡ. ಬೆಳಿಗ್ಗೆ ಹೋಗ್ಬಿಡತ್ತೆ, ಯಾವಾಗ್ಲೂ ಹೋಗತ್ತಲ್ಲ.”

“ರಕ್ತ ಕೆಟ್ಟಿದ್ರೆ ಅಕ್ಕಾ?”

“ಕೆಟ್ಟಿದ್ರೆ ಸಾಯ್ತೀನಿ. ಆದ್ರೆ ನಾನಾಗೇ ಸಾಯ್ತೀನಿ.”

ನಾನು ಫೋನು ಮಾಡಿದೆ. ಮಾಡದೆ ಇರಲು ಆಗುತ್ತಿರಲಿಲ್ಲ. ಅವಳು ಗೋಡೆಯಿಲ್ಲದ ಮನೆಯಲ್ಲಿ ಯಾವ ಕಡೆಗೆ ಮುಖ ತಿರುಗಿಸಬೇಕೆಂದು ತಿಳಿಯದೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು.

ಸಿಸ್ಟರ್ ಬಂದವರೇ ರಕ್ತ ತೆಗೆದು, ಸೀಸೆಯನ್ನು ಐಸಿನ ಡಬ್ಬಿಗೆ ಹಾಕಿದರು. ಇನ್ನೇನು ಎದ್ದು ಓಡಬೇಕು, ಮನೆಮನೆಯ ಸಂಜೆ ಪ್ರಾರ್ಥನೆಯ ಶಂಖ ಮೊಳಗಿತು. ಶಂಖ ಊದಿದ ಮೇಲೆ ಎರಡನೆಯ ಶಂಖದವರೆಗೆ ನಮ್ಮ ಹಳ್ಳಿಯ ರಸ್ತೆಯಲ್ಲಿ ಯಾರೂ ಓಡಾಡುವಂತಿಲ್ಲ. ರಸ್ತೆಯುದ್ದಕ್ಕೂ ಯುವಕರು ಕಾವಲು ನಿಂತಿರುತ್ತಾರೆ, ಬಸ್ಸನ್ನೂ ಬಿಡುವುದಿಲ್ಲ. ಆಂಬುಲೆನ್ಸ್ ಆಗಿದ್ದರೆ ಬಿಡುತ್ತಿದ್ದರೋ ಏನೋ. ಸಿಸ್ಟರ ಪಿಕಪ್ಪಿನ ಹಿಂದೆ ಕೋಳಿಯ ಗೂಡು ಇತ್ತು.

“ದೇವರೇ, ಇವತ್ತು ಮಾತ್ರ ಸಣ್ಣ ಹಾಡು ಹೇಳ್ರಪ್ಪ,” ಎಂದು ಸಿಸ್ಟರ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು.

ಇಯೊಸೆಫೊ ಇರುವುದರಲ್ಲೇ ಉದ್ದದ ಹಾಡು ಎತ್ತಿದ.

ಹಾಡು ಮುಗಿದು ಅವನು ಬೈಬಲು ಬಿಚ್ಚುವ ಸಂದಿಯಲ್ಲಿ ಸಿಸ್ಟರ್ ಪಿಸುಗುಟ್ಟಿದರು, “ಇವತ್ತು ಏನು ಮಾಡಿದ್ಲು?”

“ಏನಿಲ್ಲ ಸಿಸ್ಟರ್. ಸುಮ್ನೆ ಕೂತಿದ್ಲು.”

“ಹೋದ ಸಲನೂ ಅದೇ ಹೇಳಿದ್ರಿ.”

“ಹೋದ ಸಲನೂ ಕೂತೇ ಇದ್ಲು.”

“ರಾತ್ರಿ ಬೆವರ್ತಾಳಾ? ಬಟ್ಟೆ ಹಾಸಿಗೆ ಒದ್ದೆ ಆಗತ್ತಾ?”

ಇಯೊಸೆಫೊ ನನ್ನ ಕಡೆ ನೋಡಿದ. “ಅದೆಲ್ಲ ಇವಳಿಗೆ ಗೊತ್ತು. ಒಗೆಯೋಳು ಇವಳೇ.”

“ದಿಂಬು ಒದ್ದೆ ಆಗತ್ತೆ ಸಿಸ್ಟರ್,” ಎಂದೆ. “ಜೊಲ್ಲು. ಈ ಮಾತ್ರೆ ಶುರುವಾದಾಗಿಂದ. ದಿನಾ ದಿಂಬಿನ ಚೀಲ ಒಗೀತೀನಿ. ಅಂಗಿ ಒದ್ದೆ ಆಗಲ್ಲ.”

“ಜ್ವರ ಇದ್ದಾಗ್ಲೂ?”

“ಯಾವಾಗ್ಲೂ ಇಲ್ಲ. ಇವರ ಅಂಗಿ ಕಂಕುಳಲ್ಲಿ ಕರೆ ಕಟ್ಟಿ, ಒಂದೇ ಅಂಗಿ ಅರ್ಧ ಸೋಪು ತಿನ್ನತ್ತೆ. ಅಕ್ಕಂದು ನೀರಲ್ಲಿ ಅದ್ದಿ ತೆಗೆದ್ರೆ ಆಯ್ತು.”

ಕಂಬಳಿಯೊಳಗಿನಿಂದ ಸಿಟ್ಟಿನ ದನಿ ಬಂತು. “ಅದಕ್ಕೇ ನಾನು ಈ ಮನೆ ಮಗಳು. ಅವನು ಬರೀ ಮಗ.”

ಸಿಸ್ಟರ್ ನಗಲಿಲ್ಲ. ಡಬ್ಬಿ ಕೆಳಗಿಟ್ಟು, ಮೊಣಕಾಲ ಮೇಲೆ ತೆವಳಿ ಬಂದು, ಕಂಬಳಿಯೊಳಗೆ ಕೈ ತೂರಿಸಿ ಫೊಲೊಲೆಯ ಕತ್ತು, ಬೆನ್ನು, ಕಂಕುಳು ಮುಟ್ಟಿದರು. ಕಾದ ಕಲ್ಲಿನ ಹಾಗೆ ಬಿಸಿ, ಕಲ್ಲಿನ ಹಾಗೆಯೇ ಒಣ. ಅವರ ಮುಖ ಬೇರೆಯೇ ಆಯಿತು.

“ತೆಗೀರಿ ಈ ಕಂಬಳಿ! ತಟ್ಟಿ ಎತ್ತಿ! ನೀರು ತನ್ನಿ, ಬಟ್ಟೆ ತನ್ನಿ!”

“ಸಿಸ್ಟರ್, ಪ್ರಾರ್ಥನೆ—” ಎಂದ ಇಯೊಸೆಫೊ.

“ನೀವು ಮಾಡ್ತಾ ಇರಿ, ನಾವು ತಟ್ಟಿ ಎತ್ತುತ್ತೀವಿ.”

ಗಾಳಿ ಒಳಗೆ ನುಗ್ಗಿತು. ನಾನು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಅದ್ದಿ ಫೊಲೊಲೆಯ ಮೈಮೇಲೆ ಹಾಕಿದೆ. ಸಿಸ್ಟರ್ ಬೀಸಣಿಗೆ ಬೀಸುತ್ತಾ ಒಂದೇ ಉಸಿರಿನಲ್ಲಿ ಹೇಳಿದರು. “ಈ ಮಾತ್ರೆ ಕೆಲವರಿಗೆ ಬೆವರೋದನ್ನ ನಿಲ್ಲಿಸಿಬಿಡತ್ತೆ. ಬೆವರದ ಮೈಗೆ ಒಳಗಿನ ಬಿಸಿ ಆಚೆ ಹಾಕೋ ದಾರಿನೇ ಇಲ್ಲ. ರೋಗ ಇಲ್ದೇನೂ ಮೈ ಕಾಯತ್ತೆ. ಬಿಸಿಲಿಗೆ ಹೋಗ್ತಾಳಾ?”

“ಇಲ್ಲವೇ ಇಲ್ಲ,” ಎಂದೆ. “ಸಮಿತಿಯೇ ಬೇಡ ಅಂದಿದೆ. ಯಾವಾಗ್ಲೂ ನೆರಳೇ.”

“ಒಲೆ ಮುಂದೆ? ಚಾಪೆಗೆ ಕೇದಗೆ ಎಲೆ ಬೇಯಿಸೋ ಡ್ರಮ್ಮಿನ ಹತ್ರ?”

“ಅದು ನಾನು.”

ಸಿಸ್ಟರ ಬೀಸಣಿಗೆ ನಿಧಾನವಾಯಿತು. “ಹಾಗಾದ್ರೆ ಇದೂ ಅಲ್ವೇನೋ.”

ಫೊಲೊಲೆ ಒದ್ದೆ ಬಟ್ಟೆಯನ್ನು ಮುಖದಿಂದ ಸರಿಸಿ ಮೊಣಕೈ ಊರಿ ಎದ್ದಳು. “ಸಿಸ್ಟರ್, ಕೂತಿದ್ಲು ಕೂತಿದ್ಲು ಅಂತ ಎಲ್ರೂ ಹೇಳ್ತೀರಿ. ಎಲ್ಲಿ ಕೂತಿದ್ದೆ ಅಂತ ಯಾರೂ ಕೇಳ್ಲೇ ಇಲ್ವಲ್ಲ?”

ನಾನು ಸಿಸ್ಟರ ಮುಖ ನೋಡಿದೆ. ಸಿಸ್ಟರ್ ನನ್ನ ಮುಖ ನೋಡಿದರು. ಇಯೊಸೆಫೊ ಬೈಬಲಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಿದ್ದ.

“ಸತ್ತ ಮನೇಲೂ ಕೂತೇ ಇದ್ದೆ,” ಎಂದಳು ಫೊಲೊಲೆ. ಈಗ ದನಿ ಏರುತ್ತಿತ್ತು. “ಜಗಲಿ ಮೇಲೆ. ಗಾಳೀಲಿ. ಬಂತಾ ಜ್ವರ? ಇವತ್ತು ನೇಯ್ಗೆ ಮನೇಲಿ ಕೂತೆ. ತಗಡಿನ ಕೆಳಗೆ, ತಟ್ಟಿ ಒಳಗೆ. ಎಲ್ರೂ ಕೂತಿದ್ರು. ಎಲ್ರೂ ಸ್ನಾನ ಮಾಡ್ದೋರ ಹಾಗೆ ಒದ್ದೆ. ನಾನು ಇವರಿಗಿಂತ ಮೇಲು ಅಂದ್ಕೊಂಡು ಕೂತಿದ್ದೆ!”

ಎರಡನೆಯ ಶಂಖ ಮೊಳಗಿತು. ಸಿಸ್ಟರ್ ಐಸಿನ ಡಬ್ಬಿ ಎತ್ತಿಕೊಂಡು, ಆ ದಪ್ಪ ಮೈ ಹೊತ್ತು, ಪಿಕಪ್ಪಿಗಲ್ಲ, ಮೊದಲು ನೇಯ್ಗೆಯ ಮನೆಗೆ ಓಡಿದರು. ನಾನೂ ಹಿಂದೆ ಓಡಿದೆ. ಹೊತ್ತು ಮುಳುಗಿತ್ತು. ತಟ್ಟಿ ಸರಿಸಿ ತಲೆ ಒಳಗೆ ಹಾಕಿದರೆ ಕಾದ ಕಲ್ಲಿನ ಉಮು ಒಲೆಯ ಎಲೆ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ ಹೊಡೆಯಿತು.

“ಅಯ್ಯೋ, ಇಲ್ಲಿ ಜೀಗುಜ್ಜೆ ಬೇಯತ್ತೆ ಕಣ್ರೀ,” ಎಂದು ಸಿಸ್ಟರ್ ನನ್ನ ಭುಜ ಹಿಡಿದು ಅಲುಗಿಸಿದರು.

ಅವತ್ತೇ ರಾತ್ರಿ, ರಕ್ತ ಒಯ್ದ ಸಿಸ್ಟರ್ ಜಿಲ್ಲಾಸ್ಪತ್ರೆಯಿಂದ ಫೋನು ಮಾಡಿದರು. ಬಿಳಿಕಣ ಸರಿ ಇದೆ. ಡಾಕ್ಟರು ಇವತ್ತಿನ ಮಾತ್ರೆ ಕೊಡಿ ಎಂದರಂತೆ. ಆದರೆ ಬೆವರು, ತಗಡು, ತಟ್ಟಿ ಎಂಬುದೆಲ್ಲ ಕೇಳಲು ಚೆನ್ನಾಗಿದೆ, ಊಹೆಯ ಮೇಲೆ ಒಬ್ಬ ಹೆಂಗಸಿನ ಪ್ರಾಣ ಇಡುವುದಿಲ್ಲ, ಇದೇ ಕಾರಣ ಎಂದು ಕಣ್ಣಿಗೆ ಕಾಣುವ ಹಾಗೆ ತೋರಿಸಿ, ಹೃದಯವನ್ನೂ ಇನ್ನೊಮ್ಮೆ ನೋಡಿಸಿ, ಇಲ್ಲದಿದ್ದರೆ ನಿಲ್ಲಿಸುತ್ತೇನೆ ಎಂದರಂತೆ. ಸಿಸ್ಟರಿಗೆ ಬೇಜಾರಾಗಲಿಲ್ಲ. “ಸರಿಯಾಗೇ ಹೇಳಿದಾರೆ. ನಾನಾಗಿದ್ರೂ ಅದೇ ಹೇಳ್ತಿದ್ದೆ,” ಎಂದರು.

“ಹಾಗಾದ್ರೆ ನಾಳೆ ನನ್ನ ಅಲ್ಲೇ ಕೂರಿಸಿ,” ಎಂದಳು ಫೊಲೊಲೆ. “ತೋರಿಸೋಣ.”

ಮರುದಿನ ಬಿಸಿಲು ಕವಿಯುವ ಹೊತ್ತಿಗೆ ಸಿಸ್ಟರ್ ತಮ್ಮ ಒಂದೇ ಒಂದು ಥರ್ಮಾಮೀಟರು ಹಿಡಿದು ನೇಯ್ಗೆಯ ಮನೆಗೆ ಬಂದರು. ಸಾಕು ಎಂದ ತಕ್ಷಣ ಏಳಬೇಕು ಎಂದು ಫೊಲೊಲೆಯಿಂದ ಮಾತು ತೆಗೆದುಕೊಂಡಿದ್ದರು. ನಾನು ಎರಡು ಬಕೆಟ್ ನೀರು ತಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಅಪೆರಿಲಾ ಅಜ್ಜಿ ಹುಬ್ಬು ಗಂಟಿಕ್ಕಿದಳು.

“ತಟ್ಟಿ ಎತ್ತೋ ಮಾತು ಆಡಬೇಡ ಸಿಯೆನಿ. ಗಾಳಿಗೆ ಎಳೆ ಪಟ್ ಅನ್ನತ್ತೆ. ನಮ್ಮ ಅಜ್ಜಿ ಕಾಲದಿಂದ ಇಳಿಬಿಟ್ಟೇ ನೇಯ್ದಿರೋದು.”

“ನಿಮ್ಮ ಅಜ್ಜಿ ಕಾಲ್ದಲ್ಲಿ ಸೂರು ಹುಲ್ಲಿಂದಿತ್ತಲ್ವಾ ಅಜ್ಜಿ?”

ಅಜ್ಜಿ ತಲೆಯೆತ್ತಿ ತಗಡು ನೋಡಿದಳು.

“ಇವತ್ತು ಎತ್ತೋದೇ ಬೇಡ,” ಎಂದರು ಸಿಸ್ಟರ್. “ದಿನಾ ಹೇಗೆ ಕೂರ್ತೀರೋ ಹಾಗೇ ಕೂರಿ. ನಾನು ಎಲ್ರಿಗೂ ಇದನ್ನ ಇಟ್ಟು ನೋಡ್ತೀನಿ. ಕಂಕುಳು ತೋರಿಸಿ.”

ಒಳಗೆ ಗಲಾಟೆಯೋ ಗಲಾಟೆ. “ನನಗೆ ಮೊದ್ಲು!” “ಇವಳಿಗೆ ಇಟ್ರೆ ಒಡೆದುಹೋಗತ್ತೆ, ಬಾಯೇ ಬೆಂಕಿ!” ಅಪೆರಿಲಾ ಅಜ್ಜಿಯ ಸರದಿ ಬಂದಾಗ ಅವಳು ತೋಳು ಬಿಗಿ ಹಿಡಿದುಕೊಂಡಳು. “ನನ್ನ ಕಂಕುಳಿಗೆ ಗಂಡನ ಕೈ ಹೋಗೇ ವರ್ಷಗಳಾಯ್ತು. ಈಗ ಈ ಗಾಜಿನ ಕಡ್ಡಿ?”

“ಗಂಡನ ಕೈಗಿಂತ ತಣ್ಣಗಿರತ್ತೆ ಅಜ್ಜಿ, ಸುಮ್ನಿರಿ.”

ನಗುವಿನಲ್ಲಿ ಎರಡು ಮೂರು ಎಳೆ ಮುರಿದವು. ಸಿಸ್ಟರ್ ಒಂದು ಸುತ್ತು ಮುಗಿಸಿದರು. ಎಲ್ಲರದೂ ಒಂದೇ, ಫೊಲೊಲೆಯದೂ ಅಷ್ಟೇ. ನೇಯ್ಗೆ ನಡೆಯಿತು, ಹಾಡು ನಡೆಯಿತು. ತಗಡು ಟಿಕ್ ಟಿಕ್ ಎಂದು ಕಾಯತೊಡಗಿತು. ಹೆಂಗಸರ ಮೂಗಿನ ತುದಿಯಿಂದ ಹನಿ ಬೀಳುತ್ತಿತ್ತು, ಚಾಪೆಗೆ ಬೀಳದಂತೆ ಭುಜಕ್ಕೆ ಒರೆಸಿಕೊಳ್ಳುತ್ತಿದ್ದರು. ಎರಡನೆಯ ಸುತ್ತು. ಎಲ್ಲರೂ ಒದ್ದೆ, ಯಾರಿಗೂ ಜ್ವರ ಇಲ್ಲ. ಫೊಲೊಲೆಯ ಕಂಕುಳಿನಿಂದ ಕಡ್ಡಿ ತೆಗೆದು ಸಿಸ್ಟರ್ ಬೆಳಕಿನ ಸಂದಿಗೆ ಹಿಡಿದರು.

“ಏರಿದೆ.”

ಹಾಡು ನಿಂತಿತು. ಎಲ್ಲರೂ ಬೆರಳು ನಿಲ್ಲಿಸಿ ಫೊಲೊಲೆಯನ್ನೇ ನೋಡಿದರು. ಅವಳ ಬೆರಳು ನಿಲ್ಲಲಿಲ್ಲ. ಹಣೆ ಒಣ, ತುಟಿ ಒಣ, ಕೆನ್ನೆ ಕೆಂಪು. “ನೇಯ್ರೇ, ನನ್ನ ಮುಖದಲ್ಲೇನಿದೆ?” ಎಂದಳು.

ಸಿಸ್ಟರ್ ಈಗ ಬೇರೆ ಯಾರಿಗೂ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವಳಿಗೇ ಇಟ್ಟರು. ಕಡ್ಡಿ ನೋಡಿದವರೇ ಕೂಗಿದರು. “ಮೂವತ್ತೆಂಟು ಡಿಗ್ರಿ ದಾಟಿದೆ! ಸಾಕು! ಎದ್ದೇಳು!”

ಎದ್ದೇಳಲು ಹೋದ ಫೊಲೊಲೆ ತೂರಾಡಿ ಮತ್ತೆ ಕೂತಳು. ನಾನು ಬಕೆಟ್ಟಿಗೆ ಕೈ ಹಾಕುವ ಮೊದಲೇ ಪಟಪಟನೆ ಸದ್ದಾಯಿತು. ಅಪೆರಿಲಾ ಅಜ್ಜಿ ಕಡಲ ಕಡೆಯ ತಟ್ಟಿಯ ಹಗ್ಗ ಜಗ್ಗಿದ್ದಳು. ಒಂದು ತಟ್ಟಿ, ಇನ್ನೊಂದು, ಮತ್ತೊಂದು. “ಏನ್ ನೋಡ್ತಾ ಕೂತಿದೀರೇ? ಎತ್ರೇ ಎಲ್ಲಾನೂ! ಹುಡುಗೀನ ನಾನೇ ಬೇಯಿಸಿದೀನಿ ನೆರಳು ನೆರಳು ಅಂತ!”

ಕಡಲ ಗಾಳಿ ಒಮ್ಮೆಲೇ ನುಗ್ಗಿತು. ಒಣ ಎಲೆಯ ಸುರುಳಿಗಳು ಹಾರಿದವು. ನಾನು ಫೊಲೊಲೆಯ ನೆತ್ತಿಯ ಮೇಲೆ ಇಡೀ ಬಕೆಟ್ ಸುರಿದೆ, ಅವಳು ಕಿರುಚಿದಳು, ಎಲ್ಲರೂ ಕಿರುಚಿದರು. ಅದೇ ಹೊತ್ತಿಗೆ ಕೆಸುವಿನ ಹೊರೆ ಹೊತ್ತು ದಾರಿಯಲ್ಲಿ ಬರುತ್ತಿದ್ದ ಇಯೊಸೆಫೊ, ತನ್ನದೇ ಪಟ್ಟದ ಚಾಪೆ ಕಣ್ಣಿಗೆ ಬಿದ್ದು, ಹೊರೆ ಸಮೇತ ತಿರುಗಿ ನಿಂತ.

“ನಾನೇನೂ ನೋಡಿಲ್ಲ!” ಎಂದು ಬೆನ್ನಿನಿಂದಲೇ ಕೂಗಿದ.

“ನೋಡು ಬಾರೋ!” ಎಂದಳು ಫೊಲೊಲೆ, ನೀರು ಸೋರುತ್ತಾ. “ಚಾಪೆ ಅಲ್ಲ, ಕಡ್ಡಿ ನೋಡು!”

ಸಿಸ್ಟರ್ ಮತ್ತೆ ಇಟ್ಟರು. ಇಳಿಯುತ್ತಿತ್ತು. ಗಾಳಿಯಲ್ಲಿ, ಒದ್ದೆ ಬಟ್ಟೆಯಲ್ಲಿ ಕೂತು ಎಳನೀರು ಕುಡಿದು ಮುಗಿಸುವ ಹೊತ್ತಿಗೆ ಅದು ಎಲ್ಲರ ಹಾಗಾಯಿತು. ಸಿಸ್ಟರ್ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿದರು. ಹೆಂಗಸರು ಮಗುವಿನ ಮುಖ ನೋಡುವ ಹಾಗೆ ಒಬ್ಬೊಬ್ಬರೂ ನೋಡಿ ಕೊಟ್ಟರು. ಓದಲು ಬಾರದ ಅಪೆರಿಲಾ ಅಜ್ಜಿಯೂ ನೋಡಿ, “ಹೌದು, ಇಳಿದಿದೆ,” ಎಂದಳು.

ಸಿಸ್ಟರ್ ಅವತ್ತೇ ಫೊಲೊಲೆಯನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದು ಹೃದಯದ ಗೆರೆ, ಅಂದರೆ ಇಸಿಜಿ, ತೆಗೆಸಿಕೊಂಡು ಬಂದರು. ಉತ್ತರ ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ತಿನ್ನಲು ಮನಸ್ಸಿಲ್ಲ. ನಾನು ಬೇಯಿಸುವುದು ಮಾತ್ರ ತಪ್ಪಲಿಲ್ಲ. ಮೊಬೈಲು ಮಧ್ಯದಲ್ಲಿತ್ತು. ಅದು ಬಡಿದುಕೊಂಡಾಗ ಫೊಲೊಲೆಯೇ ಎತ್ತಿದಳು. ಡಾಕ್ಟರು ಅವಳ ಹತ್ತಿರವೇ ಮಾತಾಡಬೇಕೆಂದರಂತೆ. ಅವಳು ಹೂಂ, ಹೂಂ ಎನ್ನುತ್ತಾ ನಮ್ಮ ಮುಖಗಳನ್ನು ನೋಡುತ್ತಿದ್ದಳು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ, ಕಳ್ಳಿ.

“ಏನಂದ್ರು?” ಇಯೊಸೆಫೊ ತಡೆಯಲಾಗದೆ ಕೂಗಿದ.

“ಮಾತ್ರೆ ನಿಲ್ಲಿಸಲ್ವಂತೆ!” ಎಂದವಳೇ ಅವಳು ಎದ್ದು ನಿಂತು, ಇದ್ದಲ್ಲೇ ಕೈ ಬೀಸಿ ಕುಣಿದಳು. ನಾನೂ ಸೌಟು ಹಿಡಿದೇ ಕುಣಿದೆ. ಆಮೇಲೆ ಉಸಿರು ತಗೊಂಡು ಉಳಿದದ್ದು ಹೇಳಿದಳು. ಮೈ ತಣ್ಣಗಿಡಬೇಕು, ನೀರು ಕುಡಿಯುತ್ತಾ ಇರಬೇಕು. ಮತ್ತೆ ಜ್ವರ ಬಂದರೆ ತಗಡು ತಟ್ಟಿ ಎಂದು ಸುಮ್ಮನಾಗದೆ ಮೊದಲು ರಕ್ತ ಕೊಡಬೇಕು. “ಕಾರಣ ನೀವೇ ಹುಡುಕಿದ್ರಂತೆ, ಅಂದ್ರು ಕಣೇ. ನೀವೇ ಅಂತ ನಂಗೆ!”

ಮರುದಿನ ಸಮಿತಿ ಕೂತಿತು. ತಟ್ಟಿ ಎತ್ತಿದರೆ ಎಳೆ ಮುರಿಯುತ್ತದೆ, ಇಳಿಬಿಟ್ಟರೆ ಫೊಲೊಲೆ ಬೇಯುತ್ತಾಳೆ. ಪಾದ್ರಿಯಮ್ಮ, ಚಾಪೆಯನ್ನು ಬೇರೆ ಯಾರಾದರೂ ಮುಗಿಸಲಿ, ಫೊಲೊಲೆ ಮನೆಯಲ್ಲಿ ಆರಾಮಾಗಿ ಕೂರಲಿ ಎಂದರು.

“ಇನ್ನೊಂದು ಸಲ ನನ್ನ ಕೂರಿಸ್ತೀನಿ ಅಂದ್ರೆ ಕಚ್ಚಿಬಿಡ್ತೀನಿ,” ಎಂದಳು ಫೊಲೊಲೆ. “ನಾನು ಕೂರೋದಲ್ಲ, ನೇಯೋದು. ಬೆಳಗಿನ ತಂಪಲ್ಲಿ, ಕಡಲ ಕಡೆ ಎತ್ತಿ ನೇಯ್ತೀನಿ. ಇಬ್ಬನಿಗೆ ಎಳೆ ಮೆತ್ತಗಿರತ್ತೆ. ಬಿಸಿಲೇರಿದ್ರೆ ಎದ್ದು ಹೋಗ್ತೀನಿ.”

“ಹಾಗಾದ್ರೆ ಪಟ್ಟದ ಹೊತ್ತಿಗೆ ಮುಗಿಯಲ್ಲ,” ಎಂದಳು ಅಪೆರಿಲಾ ಅಜ್ಜಿ.

ಎಲ್ಲರೂ ಹೊರಗೆ, ಮರದ ಕೆಳಗೆ ನಿಂತಿದ್ದ ಇಯೊಸೆಫೊನ ಕಡೆ ತಿರುಗಿದರು. ಅವನು ನೆಲ ನೋಡಿದ. ಆ ಪಟ್ಟಕ್ಕಾಗಿ ಅವನು ಎಷ್ಟು ವರ್ಷ ಚಿಕ್ಕಪ್ಪಂದಿರ ಮುಂದೆ ತಲೆ ಬಗ್ಗಿಸಿ ಕಾಫಿ ಬಟ್ಟಲು ಹಿಡಿದಿದ್ದಾನೆಂದು ನನಗೆ ಗೊತ್ತು. “ಪಟ್ಟ ಮುಂದಿನ ವರ್ಷಾನೂ ಇರತ್ತೆ,” ಎಂದ ಕೊನೆಗೆ. “ಅಕ್ಕ ನೇಯ್ದ ಚಾಪೇನೇ ಬೇಕು ನಂಗೆ.”

“ಎಲೆ ಬೇಯಿಸೋ ಕೆಲಸ?” ಯಾರೋ ಕೇಳಿದರು. “ಅದು ಹೇಗೂ ಮಸೀನಾ.”

“ಯಾಕೆ ಮಸೀನಾ?” ಎಂದಳು ಫೊಲೊಲೆ. “ಪಟ್ಟ ಯಾರಿಗೋ ಡ್ರಮ್ಮೂ ಅವರಿಗೆ.”

ನೇಯ್ಗೆಯ ಮನೆಯ ನಗು ಚರ್ಚಿನವರೆಗೂ ಕೇಳಿಸಿರಬೇಕು. ಆದರೆ ಅಕ್ಕನ ಮಾತು ಮೀರುವ ತಮ್ಮ ನಮ್ಮಲ್ಲಿ ಇಲ್ಲ. ಆ ವಾರ ಇಯೊಸೆಫೊ ಡ್ರಮ್ಮಿನ ಮುಂದೆ ನಿಂತು, ಕೋಲು ಹಿಡಿದು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇದಗೆ ಎಲೆ ತಿರುವಿದ. ಪಿಕಪ್ಪಿನಲ್ಲಿ ಹಾದುಹೋದ ಸಿಸ್ಟರ್ ಗಾಡಿ ನಿಲ್ಲಿಸಿ ಕಿಟಕಿಯಿಂದ ಕೇಳಿದರು, “ಅಕ್ಕ ಹೇಗಿದಾರೆ? ಏನು ಮಾಡ್ತಿದಾರೆ?”

“ಸುಮ್ನೆ—” ಎಂದವನು ನಾಲಿಗೆ ಕಚ್ಚಿಕೊಂಡ. “ನೇಯ್ತಿದಾಳೆ ಸಿಸ್ಟರ್.”

ಸಂಜೆ ಅವನ ಅಂಗಿ ಹಿಂಡಿದರೆ ಬಕೆಟ್ ತುಂಬುವಷ್ಟಾಗಿತ್ತು. ಸೋಪನ್ನು ಅವನ ಮುಂದೆಯೇ ಇಟ್ಟೆ. ಸೋಪು ನೋಡಿದ, ನನ್ನ ನೋಡಿದ, ಅಕ್ಕನನ್ನು ನೋಡಿದ. ಅಕ್ಕ ಹುಬ್ಬು ಎತ್ತಿದಳು. ಅವನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

ಫೊಲೊಲೆ ಎಳನೀರಿನ ಜೊತೆ ಮಾತ್ರೆ ನುಂಗಿದಳು. ನಾನು ಎಂದಿನಂತೆ ಮೊಬೈಲಿನ ಬೆಳಕು ಹಿಡಿದೆ. ಅವಳು ಬಾಯಿ ಅಗಲಿಸಿದಳು, ನಾಲಿಗೆ ಎತ್ತಿದಳು, ಆಮೇಲೆ ಅದನ್ನು ಇದ್ದಷ್ಟೂ ಉದ್ದ ಹೊರಗೆ ಚಾಚಿ, ಅಂಗಿ ತಿಕ್ಕುತ್ತಿದ್ದ ತಮ್ಮನ ಬೆನ್ನಿಗೆ ತೋರಿಸಿದಳು.